ಗಾಯಗಳಿಲ್ಲ ಎಂದು ಬರೆದುಕೊಟ್ಟ ಸೋಮವಾರ

ಪೊಲೀಸರು ತಾವು ಹಿಡಿದವರನ್ನು ವೈದ್ಯಕೀಯ ಪರೀಕ್ಷೆಗೆ ತರುವಾಗ ನನ್ನ ಡ್ಯೂಟಿಯ ಹೊತ್ತನ್ನೇ ನೋಡಿಕೊಂಡು ಬರುತ್ತಿದ್ದರು. ನಮ್ಮ ಆಸ್ಪತ್ರೆಯಲ್ಲಿ ಇನ್ನಿಬ್ಬರು ವೈದ್ಯರಿದ್ದರು, ಇಬ್ಬರೂ ಗಂಡಸರು. ಅವರನ್ನು ಬಿಟ್ಟು ಜೀಪು ನನ್ನ ಕೋಣೆಯ ಎದುರೇ ಬಂದು ನಿಲ್ಲುವುದನ್ನು ನಾನು ಬಹಳ ಕಾಲ ಮೆಚ್ಚುಗೆ ಎಂದೇ ತಿಳಿದಿದ್ದೆ. ಮೇಡಂ ಚುರುಕು, ಮೇಡಂ ಸತಾಯಿಸುವುದಿಲ್ಲ ಎಂದು ಸ್ಟೇಷನ್ನಿನ ರೈಟರ್, ಅಂದರೆ ಅಲ್ಲಿಯ ಬರವಣಿಗೆ ಕೆಲಸ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್, ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಹೊಗಳಿದರೆ ಹಪ್ಪಳದ ಹಾಗೆ ಉಬ್ಬುವ ಸ್ವಭಾವ ನನ್ನದು. ನಾನೂ ಉಬ್ಬಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆ ಸರಕಾರಿ ಕೆಲಸ ಮಾಡಿದವಳು ನಾನು. ಇದು ಎಲ್ಲಿ ನಡೆದದ್ದೆಂದು ಬರೆಯುವುದಿಲ್ಲ. ಬರೆದರೆ ಜನ ಊರನ್ನು ಬೈಯುತ್ತಾರೆ, ನನ್ನನ್ನು ಮರೆಯುತ್ತಾರೆ.

ಕಾನೂನು ಸರಳ. ಒಬ್ಬನನ್ನು ಬಂಧಿಸಿದ ಕೂಡಲೇ ಸರಕಾರಿ ವೈದ್ಯರು ಅವನನ್ನು ಪರೀಕ್ಷಿಸಬೇಕು. ಮೈಮೇಲೆ ಗಾಯವಿದ್ದರೆ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ, ಎಷ್ಟು ದಿನದ್ದು ಎಂದು ಬರೆಯಬೇಕು. ಪೊಲೀಸರ ವಶದಲ್ಲೇ ಇದ್ದರೆ ಎರಡು ದಿನಕ್ಕೊಮ್ಮೆ ಮತ್ತೆ ನೋಡಬೇಕು. ಬರೆದದ್ದರ ಒಂದು ಪ್ರತಿ ಆ ಮನುಷ್ಯನಿಗೇ ಸಿಗಬೇಕು. ತರಬೇತಿಯಲ್ಲಿ ಪಾಠ ಮಾಡಿದ ಹಿರಿಯ ಪ್ರಾಧ್ಯಾಪಕರೊಬ್ಬರು, ಈ ನಮೂನೆಯ ಒಂದೊಂದು ಸಾಲೂ ಯಾರೋ ಲಾಕಪ್ಪಿನಲ್ಲಿ ಸತ್ತ ಮೇಲೆ ಸೇರಿದ್ದು ಎಂದಿದ್ದರು. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಪರೀಕ್ಷೆ ಪಾಸು ಮಾಡಿದೆ.

ನಡೆಯುತ್ತಿದ್ದದ್ದು ಬೇರೆ. ರೈಟರ್ ತಮ್ಮ ದುಂಡಗಿನ ಅಕ್ಷರದಲ್ಲಿ ನಮೂನೆಯನ್ನು ಸ್ಟೇಷನ್ನಿನಲ್ಲೇ ತುಂಬಿಸಿ ತರುತ್ತಿದ್ದರು. 'ಮೈಮೇಲೆ ಯಾವುದೇ ಹೊಸ ಅಥವಾ ಹಳೆಯ ಗಾಯಗಳಿಲ್ಲ' ಎಂಬ ಸಾಲಿನ ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿರುತ್ತಿದ್ದರು. ಹೊರಗೆ ಜ್ವರ ಕೆಮ್ಮಿನವರ ಸಾಲು ಗೇಟಿನವರೆಗೆ ಇರುವಾಗ ಜೀಪು ಬರುತ್ತಿತ್ತು. ನಾನು ತಲೆ ಎತ್ತಿ "ಏನಾದ್ರೂ ತೊಂದರೆ ಉಂಟಾ?" ಎಂದು ಕೇಳುತ್ತಿದ್ದೆ. ಬಂದವನು ಪಕ್ಕದಲ್ಲಿ ನಿಂತ ಪೊಲೀಸಿನವನ ಮುಖ ನೋಡಿ ಇಲ್ಲ ಎನ್ನುತ್ತಿದ್ದ. ನಾನು ರಕ್ತದೊತ್ತಡ ನೋಡಿ ನಮೂನೆಗೂ ನಮ್ಮ ರಿಜಿಸ್ಟರಿಗೂ ಸಹಿ ಹಾಕಿ ಸೀಲು ಒತ್ತುತ್ತಿದ್ದೆ. ಗಂಡಸರ ಅಂಗಿ ಬಿಚ್ಚಿಸಿ ನೋಡುವುದಕ್ಕೆ ನನಗೂ ಮುಜುಗರ, ನಿಂತವನಿಗೂ ಮುಜುಗರ, ಯಾಕೆ ಸುಮ್ಮನೆ ಎಂಬುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯನ್ನು ನಾನು ಚೆನ್ನಾಗಿ ಪಾಲಿಸಿದೆ.

ಆ ಸೋಮವಾರ ತಂದದ್ದು ನಲವತ್ತು ದಾಟಿದ ಒಬ್ಬ ಮನುಷ್ಯನನ್ನು. ಸಿದ್ಧಕಟ್ಟೆ ಕಡೆಯವರು, ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಎಲ್ಲರೂ ಪೈಂಟರ್ ಎಂದೇ ಕರೆಯುವುದು, ಪೊಲೀಸರೂ ಹಾಗೇ ಕರೆದರು. ಅವರು ಬಣ್ಣ ಹೊಡೆದಿದ್ದ ಒಂದು ಮನೆಯಿಂದ ಚಿನ್ನ ಹೋಗಿದೆ, ನಿನ್ನೆ ಸಂಜೆ ಬಂಧಿಸಿದ್ದು ಎಂದು ರೈಟರ್ ಹೇಳಿದರು. ನಾನು ಸ್ಟೂಲು ತೋರಿಸಿ ಕೂತುಕೊಳ್ಳಿ ಎಂದೆ. ಅವರು ಕೂರಲಿಲ್ಲ. ಡಾಕ್ಟರ ಎದುರು ಕೂರಲು ಸಂಕೋಚ ಇರಬೇಕು ಎಂದುಕೊಂಡೆ. ತೊಂದರೆ ಉಂಟಾ ಎಂದು ಕೇಳಿದಾಗ ಅವರು ತುಳುವಿನಲ್ಲಿ "ಇಜ್ಜಿ" ಎಂದರು, ಇಲ್ಲ ಎಂದು. ಸಹಿ ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಅದೇ ದಿನ ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಅವರನ್ನು ಪೊಲೀಸರ ವಶಕ್ಕೆ ಕೊಟ್ಟರು. ಬುಧವಾರ ಮತ್ತೆ ಪರೀಕ್ಷೆಗೆ ತರಬೇಕಿತ್ತು, ತರಲಿಲ್ಲ. ತರದೇ ಇದ್ದದ್ದು ನನ್ನ ಗಮನಕ್ಕೂ ಬರಲಿಲ್ಲ.

ಗುರುವಾರ ಬೆಳಗ್ಗೆ ಹತ್ತೂವರೆಗೆ ಜೀಪು ಬಂತು. ಈ ಸಲ ಎಸ್ಸೈ ಸ್ವತಃ ಬಂದಿದ್ದರು. ಪೈಂಟರನ್ನು ಇಬ್ಬರು ಕಾನ್‌ಸ್ಟೆಬಲ್‌ಗಳು ಎರಡೂ ಕಂಕುಳಿಗೆ ಕೈ ಹಾಕಿ ನಡೆಸಿಕೊಂಡು ಬಂದರು. ಹನ್ನೆರಡು ಗಂಟೆಗೆ ಕೋರ್ಟಿಗೆ ಹಾಜರು ಮಾಡಲಿಕ್ಕೆ ಉಂಟು, ಒಂದು ಸೈನ್ ಅಷ್ಟೆ ಎಂದರು ಎಸ್ಸೈ. ನಾನು ಪೆನ್ನು ತೆಗೆದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಪೆನ್ನು ತೆಗೆದದ್ದು ನಿಜ. ಅಷ್ಟರಲ್ಲಿ ಪೈಂಟರ್ ಮೂತ್ರಕ್ಕೆ ಹೋಗಬೇಕು ಎಂದರು. ಒಬ್ಬ ಕಾನ್‌ಸ್ಟೆಬಲ್ ಅವರನ್ನು ಎತ್ತಿಕೊಂಡ ಹಾಗೆ ಕರೆದುಕೊಂಡು ಹೋದ.

ಅವರು ವಾಪಸು ಬರುವ ಮೊದಲೇ ನಮ್ಮ ಆಯಾ ಒಳಗೆ ಬಂದರು. ಆಸ್ಪತ್ರೆಯ ಪಾಯಿಖಾನೆ ತೊಳೆದು ತೊಳೆದು ಹಣ್ಣಾದ ಹೆಂಗಸು. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು.

"ಡಾಕ್ಟ್ರಮ್ಮ, ಅವ ಹೊಯ್ದದ್ದು ಮೂತ್ರ ಅಲ್ಲ. ಕಣ್ಣ ಚಾ ಇದ್ದ ಹಾಗೆ ಉಂಟು. ನೀರು ಹಾಕುವ ಮೊದಲು ಒಮ್ಮೆ ಬಂದು ನೋಡಿ."

ಕಣ್ಣ ಚಾ ಎಂದರೆ ಹಾಲಿಲ್ಲದ ಕಪ್ಪು ಚಹಾ. ಎದ್ದು ಹೋಗಿ ನೋಡಿದೆ. ಬಿಳಿ ಬೇಸಿನ್ನಿನ ಅಡಿಯಲ್ಲಿ ಒಂದು ಲೋಟದಷ್ಟೂ ಇರಲಿಲ್ಲ, ಇದ್ದದ್ದು ಕಡು ಕಂದು. ಈ ಬಣ್ಣ ಎಲ್ಲಿಂದ ಬರುತ್ತದೆಂದು ಎಂಬಿಬಿಎಸ್ ಓದಿದ ಎಲ್ಲರಿಗೂ ಗೊತ್ತು. ಮನುಷ್ಯನ ದೊಡ್ಡ ಸ್ನಾಯುಗಳನ್ನು ಜಜ್ಜಿದರೆ ಸ್ನಾಯುವಿನೊಳಗಿನ ಬಣ್ಣ ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಕಿಡ್ನಿಗೆ ಹೋಗಿ ಅದರ ನಾಳಗಳನ್ನು ಮುಚ್ಚಿಬಿಡುತ್ತದೆ. ಜೊತೆಗೆ ಪೊಟ್ಯಾಸಿಯಂ ಏರುತ್ತದೆ. ಪೊಟ್ಯಾಸಿಯಂ ಏರಿದ ಹೃದಯ ಯಾರಿಗೂ ಹೇಳದೆ ಕೇಳದೆ ನಿಲ್ಲುತ್ತದೆ. ಈ ಮನುಷ್ಯ ಕೋರ್ಟಿನ ಮೆಟ್ಟಿಲ ಮೇಲೋ ಜೀಪಿನ ಹಿಂದಿನ ಸೀಟಿನಲ್ಲೋ ಸಾಯಬಹುದಿತ್ತು, 'ಆರೋಗ್ಯವಾಗಿದ್ದಾನೆ' ಎಂಬ ನನ್ನ ಸಹಿಯನ್ನು ಕಿಸೆಯಲ್ಲಿಟ್ಟುಕೊಂಡು.

ಉಳಿದ ಮೂತ್ರವನ್ನು ಲ್ಯಾಬಿಗೆ ಕಳಿಸಿದೆ. ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದರೆ ರಕ್ತ ಎಂದು ಗಾಢವಾಗಿ ತೋರಿಸಿತು, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರಕ್ತಕಣಗಳು ಇಲ್ಲವೇ ಇಲ್ಲ. ಅಂದರೆ ಅದು ರಕ್ತವಲ್ಲ, ಮಾಂಸ. ಇಸಿಜಿ ತೆಗೆಸಲು ಹೇಳಿದೆ. ಎಸ್ಸೈ ಎದ್ದು ನಿಂತರು. ಕೋರ್ಟಿಗೆ ತಡ ಆಗ್ತದೆ, ಇದೆಲ್ಲ ಸಂಜೆ ಮಾಡುವ ಎಂದರು. ಇಸಿಜಿಗೆ ಅಂಗಿ ಬಿಚ್ಚಲೇಬೇಕು, ಬಿಚ್ಚಲಿ ಎಂದೆ.

"ನೀವು ಹೆಂಗಸರು ಮೇಡಂ," ಎಂದರು ಎಸ್ಸೈ, ಮೆತ್ತಗೆ, ನನ್ನ ಮಾನ ಕಾಪಾಡುವವರ ಹಾಗೆ. "ಇದೆಲ್ಲ ನಿಮಗೆ ಯಾಕೆ? ನೀವು ಬಟ್ಟೆ ತೆಗೆಸಿ ನೋಡುವವರಲ್ಲ ಅಂತಲೇ ನಾವು ನಿಮ್ಮ ಡ್ಯೂಟಿಗೆ ತರುವುದು."

ಅವರು ಅದನ್ನು ಒಳ್ಳೆಯ ಮಾತೆಂದೇ ಹೇಳಿದ್ದು. ಇಷ್ಟು ವರ್ಷ ಮೆಚ್ಚುಗೆ ಎಂದು ಹೊತ್ತುಕೊಂಡು ತಿರುಗಿದ್ದು ಏನೆಂದು ನನಗೆ ಆಗ ತಿಳಿಯಿತು. ಕೆನ್ನೆಗೆ ಬಾರಿಸಿದ ಹಾಗಾಯಿತು. ನಾಚಿಕೆಗಿಂತ ಮೊದಲು ಸಿಟ್ಟು ಬಂತು, ನನಗೆ ಯಾವತ್ತೂ ಹಾಗೆಯೇ. ಸಿಟ್ಟು ಅವತ್ತು ಒಳ್ಳೆಯದೇ ಮಾಡಿತು. ಎಲ್ಲರೂ ಹೊರಗೆ ಹೋಗಿ ಎಂದೆ. ಆರೋಪಿ ಓಡಿಹೋದರೆ ಯಾರು ಹೊಣೆ ಎಂದರು. ನೆಟ್ಟಗೆ ನಿಲ್ಲಲಾರದವನು ಕಬ್ಬಿಣದ ಸರಳಿನ ಕಿಟಕಿಯಿಂದ ಹೇಗೆ ಓಡುತ್ತಾನೆಂದು ಕೇಳಿದೆ. ಕೊನೆಗೆ ಒಬ್ಬ ಕಾನ್‌ಸ್ಟೆಬಲ್ ಬಾಗಿಲ ಹೊರಗೆ ನಿಲ್ಲುವುದು, ಒಳಗೆ ನಾನು, ನಮ್ಮ ಬ್ರದರ್, ಅಂದರೆ ಗಂಡು ನರ್ಸ್, ಮತ್ತು ಆಯಾ ಎಂದು ತೀರ್ಮಾನವಾಯಿತು.

ಅಂಗಿ ಬಿಚ್ಚಲು ಪೈಂಟರಿಗೆ ಕೈ ಮೇಲಕ್ಕೆ ಏಳಲಿಲ್ಲ. ಬ್ರದರ್ ಕತ್ತರಿಯಿಂದ ಕತ್ತರಿಸಿದರು. ಪ್ಯಾಂಟು ತೊಡೆಗೆ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಿದೆವು. ಬೋರಲು ಮಲಗಿಸಿದಾಗ ಆಯಾ ಗೋಡೆಗೆ ಕೈ ಕೊಟ್ಟು ನಿಂತರು.

ಬೆನ್ನಿನ ಮೇಲೆ ಜೋಡಿಗೆರೆಗಳು. ಲಾಠಿ ಬಿದ್ದಲ್ಲಿ ಎರಡು ಕೆಂಪು ಗೆರೆ ಎದ್ದು ನಡುವೆ ಚರ್ಮ ಬೆಳ್ಳಗೆ ಉಳಿಯುತ್ತದೆ, ಪುಸ್ತಕದಲ್ಲಿ ಚಿತ್ರ ನೋಡಿದ್ದೆ. ಇಲ್ಲಿ ಒಂದರ ಮೇಲೊಂದು ಬಿದ್ದು ಲೆಕ್ಕ ಸಿಗುತ್ತಿರಲಿಲ್ಲ. ಕುಂಡೆಯ ಎರಡೂ ಬದಿ ಕಡುನೇರಳೆ, ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಅಂಗಾಲುಗಳು ಊದಿ ಚರ್ಮ ಬಿರಿದಿತ್ತು. ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಮಣಿಕಟ್ಟಿನ ಸುತ್ತ ಹಗ್ಗದ ತರಚು. ತೊಡೆಗಳು ಎಲ್ಲಕ್ಕಿಂತ ಕೆಟ್ಟದಾಗಿದ್ದವು. ಮಲಗಿಸಿ ತೊಡೆಯ ಮೇಲೆ ಒನಕೆ ಇಟ್ಟು, ಅದರ ಎರಡು ತುದಿಗೆ ಇಬ್ಬರು ನಿಂತು ಉರುಳಿಸಿದ್ದಂತೆ. ಇದನ್ನು ಪೈಂಟರ್ ದಿಂಬಿಗೆ ಬಾಯಿ ಒತ್ತಿಕೊಂಡು ಹೇಳಿದರು, ಗೋಡೆಗೆ ಎರಡು ಕೋಟ್ ಬಳಿದದ್ದನ್ನು ಹೇಳುವಷ್ಟು ಸಾದಾ ದನಿಯಲ್ಲಿ.

ನಾನು ಟೇಪು ಹಿಡಿದು ಅಳೆದೆ, ಬಾಯಲ್ಲಿ ಹೇಳಿದೆ, ಬ್ರದರ್ ಪುಟದ ಸಂಖ್ಯೆ ಅಚ್ಚಾಗಿರುವ ರಿಜಿಸ್ಟರಿನಲ್ಲಿ ಬರೆದುಕೊಂಡರು. ತೊಡೆಯ ಹತ್ತಿರ ಬಂದಾಗ ಟೇಪು ಬಿಟ್ಟು ಬಗ್ಗಿ ನೋಡಿದೆ. ಕೆಲವು ಕಲೆಗಳ ಅಂಚು ಹಸಿರಾಗಿತ್ತು. ಜಜ್ಜಿದ ಗಾಯ ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಕಂದು, ಹಸಿರಿಗೆ ತಿರುಗಲು ಐದಾರು ದಿನ ಬೇಕು. ಸೋಮವಾರದಿಂದ ಗುರುವಾರಕ್ಕೆ ಅಷ್ಟು ದಿನ ಆಗುವುದಿಲ್ಲ.

ನಿಮ್ಮನ್ನು ಹಿಡಿದದ್ದು ಯಾವತ್ತು ಎಂದು ಕೇಳಿದೆ. ಶುಕ್ರವಾರ ಮಧ್ಯಾಹ್ನ ಎಂದರು. ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕರೆದುಕೊಂಡು ಹೋದದ್ದು, ಕಾಗದದಲ್ಲಿ ತೋರಿಸಿದ್ದು ಭಾನುವಾರ ಸಂಜೆ. ಒನಕೆ ಉರುಳಿಸಿದ್ದು ಶುಕ್ರವಾರ ಮತ್ತು ಶನಿವಾರ. ಸೋಮವಾರ ನನ್ನೆದುರು ಅವರು ಕೂರದೇ ಇದ್ದದ್ದು ಸಂಕೋಚದಿಂದಲ್ಲ. ಕೂರಲು ಆಗುತ್ತಿರಲಿಲ್ಲ.

"ಮತ್ತೆ ಯಾಕೆ ಕೋರ್ಟಿನಲ್ಲಿ ಹೇಳಲಿಲ್ಲ ನೀವು?" ಎಂದೆ. ದನಿಯಲ್ಲಿ ಗದರಿಕೆ ಇತ್ತು. ತಪ್ಪು ಅವರ ಮೇಲೆ ಬಿದ್ದರೆ ನನಗೆ ಹಗುರ ಅಲ್ಲವೇ.

"ಹೇಳಿದೆ ಡಾಕ್ಟ್ರೆ. ಪೊಲೀಸರು ಹೊಡೆದಿದ್ದಾರಾ ಅಂತ ಜಡ್ಜ್ ಕೇಳಿದ್ರು, ಹೌದು ಅಂದೆ. ಅವರು ನಿಮ್ಮ ಕಾಗದ ಓದಿದ್ರು. ಡಾಕ್ಟರು ಗಾಯ ಇಲ್ಲ ಅಂತ ಬರ್ದಿದ್ದಾರಲ್ಲ ಅಂದ್ರು. ಮತ್ತೆ ನಾನು ಏನು ಹೇಳುವುದು? ಸ್ಟೇಷನ್ನಿಗೆ ವಾಪಸು ಹೋದ ಮೇಲೆ, ಕೋರ್ಟಿನಲ್ಲಿ ಬಾಯಿ ಬಿಡ್ತೀಯಾ ಅಂತ ಪುನಃ ಸುರು ಮಾಡಿದ್ರು. ಬೆನ್ನಿಂದು ಅದು."

ಆಯಾ ತಮ್ಮ ಸೆರಗಿನಿಂದ ಅವರ ಬಾಯಿಯ ಪಕ್ಕದ ಜೊಲ್ಲು ಒರೆಸಿದರು. ನನ್ನ ಮುಖ ನೋಡಲಿಲ್ಲ. ಬ್ರದರ್ ಕೂಡ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಇಬ್ಬರಿಗೂ ಸೋಮವಾರದ ಸಹಿ ಯಾರದೆಂದು ಗೊತ್ತಿತ್ತು.

ಇಸಿಜಿ ಬಂತು. ಅಲೆಗಳು ಡೇರೆ ಕಟ್ಟಿದ ಹಾಗೆ ಚೂಪಾಗಿ ಎದ್ದಿದ್ದವು. ಪೊಟ್ಯಾಸಿಯಂ ಏರಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಕ್ಯಾಲ್ಸಿಯಂ ಚುಚ್ಚುಮದ್ದನ್ನು ಇಸಿಜಿ ನೋಡುತ್ತಾ ನೋಡುತ್ತಾ ನಿಧಾನ ಕೊಟ್ಟೆ. ಸಲೈನ್ ಓಡಿಸಿದೆ, ಗ್ಲೂಕೋಸಿನ ಜೊತೆ ಇನ್ಸುಲಿನ್ ಹಾಕಿದೆ. ಮಂಗಳೂರಿಗೆ ಕಳಿಸಲು ಆಂಬುಲೆನ್ಸಿಗೆ ಫೋನ್ ಮಾಡಿಸಿದೆ. ಅದು ಬರಲು ಇನ್ನೂ ಹೊತ್ತಿತ್ತು.

ನಮ್ಮ ಆಡಳಿತ ವೈದ್ಯಾಧಿಕಾರಿ ಮೀಟಿಂಗಿಗೆ ಮಂಗಳೂರಿಗೆ ಹೋಗಿದ್ದರು. ಫೋನಿನಲ್ಲಿ ಎಲ್ಲ ಹೇಳಿದೆ. ಅವರು, ಕಿಡ್ನಿ ತೊಂದರೆ ಎಂದು ಬರೆದು ರೆಫರ್ ಮಾಡಿ, ಗಾಯದ ವಿಷಯ ಮಂಗಳೂರಿನವರು ಬರೆದುಕೊಳ್ಳುತ್ತಾರೆ, ನೀವು ಯಾಕೆ ಮೈಮೇಲೆ ಹಾಕಿಕೊಳ್ಳುತ್ತೀರಿ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನನ್ನು ಉಳಿಸಲು ನೋಡಿದರು.

ಫೋನ್ ಇಟ್ಟ ಮೇಲೆ ಎಸ್ಸೈ ಕಾರಿಡಾರಿನಲ್ಲಿ ನನ್ನನ್ನು ತಡೆದರು. ಈಗ ದನಿ ಬೇರೆ.

"ಹಳೇ ಗಾಯ ಅಂತ ಬರೀತೀರಿ ಅಂತ ಇಟ್ಕೊಳ್ಳಿ. ಸೋಮವಾರ ಇಲ್ಲ ಅಂತ ಬರ್ದವರು ಯಾರು? ನಾವು ಟ್ರಾನ್ಸ್‌ಫರ್ ಆಗಿ ಹೋಗ್ತೇವೆ ಮೇಡಂ. ಸಿಕ್ಕಿಬೀಳುವುದು ನೀವು. ಬಿದ್ದು ಪೆಟ್ಟಾಗಿದೆ ಅಂತ ಬರೆದು ಕಳಿಸಿ, ಅವನೂ ಬದುಕಿಕೊಳ್ತಾನೆ, ನೀವೂ ಬದುಕಿಕೊಳ್ತೀರಿ."

ಇಲ್ಲಿ ನಾನು ಧೀರೆಯ ಹಾಗೆ ಏನೋ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹತ್ತು ನಿಮಿಷ ಲೆಕ್ಕ ಹಾಕಿದೆ. ಬಿದ್ದು ಪೆಟ್ಟಾಗಿದೆ ಎಂದು ಬರೆಯಲಾರೆ, ಅಷ್ಟು ಕೆಟ್ಟಿಲ್ಲ ನಾನು. ಆದರೆ ನಡುವಿನ ದಾರಿ ಒಂದಿತ್ತು. ಬೆನ್ನಿನ ಕೆಂಪು ಗೆರೆಗಳನ್ನು ಮಾತ್ರ ಬರೆಯುವುದು, ಅವು ಮೂರು ದಿನದೊಳಗಿನವು ಎಂಬುದು ನಿಜವೇ. ತೊಡೆಯ ಹಸಿರನ್ನು ಕಂದು ಎಂದು ಬರೆದರೆ ಯಾರು ಕೇಳುತ್ತಾರೆ? ಹೊಡೆದವರು ಸಿಕ್ಕಿಬೀಳುತ್ತಾರೆ, ರೋಗಿ ಮಂಗಳೂರಿಗೆ ಹೋಗುತ್ತಾನೆ, ನನ್ನ ಸೋಮವಾರವೂ ಉಳಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿಜ ಹೇಳುತ್ತೇನೆ, ನನಗೆ ಆ ದಾರಿ ಹಿಡಿಸಿತು.

ಆಗ ನನ್ನ ಅಜ್ಜನ ನೆನಪು ಬಂತು. ಮೂಡುಬಿದಿರೆ ಕಡೆಯ ಒಬ್ಬ ಧಣಿಗಳ ಗೇಣಿ ಒಕ್ಕಲು ಅವರು. ಚಪ್ಪಲಿ ಮೆಟ್ಟಿಕೊಂಡು ಧಣಿಗಳ ಅಂಗಳ ದಾಟಿದರೆಂದು ಹಲಸಿನ ಮರಕ್ಕೆ ಕಟ್ಟಿ ಹೊಡೆಸಿದ್ದರಂತೆ. ಹೊಡೆಸಿದವರೇ ನ್ಯಾಯ ಹೇಳುವವರು, ದೂರು ಕೊಡುವುದು ಯಾರಿಗೆ? ಆಮೇಲೆ ವೋಟು ಬಂತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ಅಮ್ಮ ಶಾಲೆಗೆ ಹೋದಳು, ನಾನು ಮೆಡಿಕಲ್ ಓದಿದೆ. ಹಿಡಿದು ಕಟ್ಟಿದ ಮನುಷ್ಯನ ಬೆನ್ನನ್ನು ಸರಕಾರ ಒಮ್ಮೆ ತೆರೆದು ನೋಡಬೇಕು ಎಂದು ಬರೆಸಿಕೊಳ್ಳಲು ಈ ದೇಶಕ್ಕೆ ಅಷ್ಟೆಲ್ಲ ದಾರಿ ನಡೆಯಬೇಕಾಯಿತು. ನೋಡುವ ಕೆಲಸ ಸಿಕ್ಕಿದ್ದು ಆ ಅಜ್ಜನ ಮೊಮ್ಮಗಳಿಗೆ. ಅವಳಿಗೆ ಮುಜುಗರವಾಯಿತು.

ಇನ್ನೊಂದು ಮಾತೂ ಹೊಳೆಯಿತು, ನನ್ನನ್ನು ಎಬ್ಬಿಸಿದ್ದು ಅದೇ. ಎಲ್ಲ ಗಾಯವೂ ಸೋಮವಾರದ ಈಚಿನದು ಎಂದು ನಾನು ಬರೆದರೆ, ಸೋಮವಾರ ಕೋರ್ಟಿನಲ್ಲಿ ನಿಂತು ಹೌದು ಹೊಡೆದಿದ್ದಾರೆ ಎಂದ ಪೈಂಟರ್ ಸುಳ್ಳನಾಗುತ್ತಾರೆ. ಆ ಮಾತಿಗಾಗಿ ಅವರು ಬೆನ್ನು ಕೊಟ್ಟಿದ್ದರು. ಅದನ್ನೂ ನಾನು ಕಿತ್ತುಕೊಂಡರೆ ಅವರ ಹತ್ತಿರ ಉಳಿಯುವುದು ಏನು?

ಹೊರಗೆ ಬಂದು ಬರೆದೆ. ತೊಡೆಯ ಕಲೆಗಳ ಅಂಚು ಹಸಿರು, ಗಾಯದ ವಯಸ್ಸು ಐದರಿಂದ ಆರು ದಿನ, ಅಂದರೆ ಸೋಮವಾರಕ್ಕಿಂತ ಹಿಂದಿನದು ಎಂದು. ಕೊನೆಯಲ್ಲಿ ಹೊಸ ಪ್ಯಾರಾ ಮಾಡಿ, ಸೋಮವಾರ ನಾನು ಈ ವ್ಯಕ್ತಿಯ ಬಟ್ಟೆ ತೆಗೆಸಿ ಪರೀಕ್ಷಿಸಿಲ್ಲ, ಗಾಯಗಳಿಲ್ಲ ಎಂದು ಅಂದು ಸಹಿ ಹಾಕಿದ್ದು ನೋಡದೆ ಹಾಕಿದ್ದು, ಅದು ಸುಳ್ಳು ಎಂದೂ ಬರೆದೆ. ಸುಳ್ಳು ಎಂಬ ಪದದ ಬದಲು ಬೇರೆ ಮೆತ್ತನೆಯ ಪದ ಹುಡುಕಿದೆ, ಸಿಗಲಿಲ್ಲ.

ಮಂಚದ ಹತ್ತಿರ ನಿಂತು ಒಂದು ಪ್ರತಿಯನ್ನು ಪೈಂಟರಿಗೆ ಕೊಡುವಾಗ ಎಸ್ಸೈ ಬಾಗಿಲು ದಬ್ಬಿ ಒಳಗೆ ಬಂದರು. ಕಾಗದ ಕಿತ್ತುಕೊಂಡು ಓದಿದರು. ಓದಿ ಮುಗಿಸುವ ಮೊದಲೇ ಪೈಂಟರ ತಲೆಗೂದಲು ಹಿಡಿದು ಎತ್ತಿ ಬಾಯಿಯ ಮೇಲೆ ಹೊಡೆದರು. ಎರಡು ಏಟು, ನನ್ನ ಕಣ್ಣೆದುರು, ನನ್ನ ವಾರ್ಡಿನಲ್ಲಿ. ಸಲೈನಿನ ಸೂಜಿ ಕಿತ್ತು ಬಂದು ಹಾಸಿಗೆಯ ಮೇಲೆಲ್ಲ ರಕ್ತ ಚೆಲ್ಲಿತು. ಮನುಷ್ಯನ ಮುಖಕ್ಕೆ ಅಂಗೈ ಬೀಳುವ ಸದ್ದು ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ನಾನು ಎಸ್ಸೈ ತೋಳು ಹಿಡಿದೆ, ಕೊಡವಿದರು, ಔಷಧದ ಟ್ರಾಲಿಗೆ ಬಿದ್ದೆ. ಮೊಣಕೈ ಒಡೆಯಿತು. ಬ್ರದರ್ ಮಧ್ಯೆ ಬಂದರೆ ಕಾನ್‌ಸ್ಟೆಬಲ್ ಅವರ ಕೈ ತಿರುಚಿ ಗೋಡೆಗೆ ಒತ್ತಿದ.

ಆಯಾ ಕಿರುಚಲಿಲ್ಲ. ಹೋಗಿ ಬಾಗಿಲಿನ ಎರಡೂ ಪಡಿಗಳನ್ನು ಪೂರ್ತಿ ತೆರೆದು ಪರದೆ ಸರಿಸಿದರು, ಅಷ್ಟೆ. ಹೊರಗೆ ಚೀಟಿ ಹಿಡಿದು ನಿಂತಿದ್ದ ಇಡೀ ಸಾಲು ಒಳಗೆ ನೋಡಿತು. ಮಗು ಎತ್ತಿಕೊಂಡ ಹೆಂಗಸರು, ಬುರ್ಖಾದವರು, ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡ ಒಬ್ಬ ಶಾಲಾ ಮಾಸ್ಟ್ರು. ಮಾಸ್ಟ್ರು ಕಿಸೆಯಿಂದ ಮೊಬೈಲ್ ತೆಗೆದು ಹಿಡಿದರು. ಅವರ ಹಿಂದೆ ಇನ್ನೊಬ್ಬರು ತೆಗೆದರು. ಎಸ್ಸೈ ಕೂದಲು ಬಿಟ್ಟರು. ಕಾಗದವನ್ನು ಹರಿದು ನೆಲಕ್ಕೆ ಎಸೆದು ಹೊರಗೆ ಹೋದರು.

ಹರಿದರೆ ಏನು, ರಿಜಿಸ್ಟರಿನ ಪುಟ ಹರಿಯುವ ಹಾಗಿಲ್ಲ. ಇನ್ನೊಮ್ಮೆ ಬರೆದೆ, ಬಾಯಿಯ ಮೇಲಿನ ಎರಡು ಏಟನ್ನೂ ಗಂಟೆ ನಿಮಿಷದ ಸಮೇತ ಸೇರಿಸಿ. ಒಂದು ಪ್ರತಿಯನ್ನು ಲಕೋಟೆಗೆ ಹಾಕಿ ಅರಗು ಒತ್ತಿ ಬ್ರದರ್ ಕೈಯಲ್ಲಿ ಬೈಕಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಕಳಿಸಿದೆ. ಇನ್ನೊಂದನ್ನು ಗೇಟಿನ ಹತ್ತಿರ ನಿಂತಿದ್ದ ಪೈಂಟರ ಹೆಂಡತಿಗೆ ಕೊಟ್ಟೆ. ಶುಕ್ರವಾರದಿಂದ ಅವರು ಜೀಪಿನ ಹಿಂದೆಯೇ ಅಲೆಯುತ್ತಿದ್ದರಂತೆ. ಸೋಮವಾರವೂ ಅದೇ ಗೇಟಿನಲ್ಲಿ ನಿಂತಿದ್ದರಂತೆ. ನಾನು ನೋಡಿರಲಿಲ್ಲ.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ಪೊಟ್ಯಾಸಿಯಂ ಏರಿದವನನ್ನು ಒಬ್ಬನೇ ಕಳಿಸುವ ಧೈರ್ಯವಿರಲಿಲ್ಲ, ಜೊತೆಗೆ ಕೂತ ಇಬ್ಬರು ಕಾನ್‌ಸ್ಟೆಬಲ್‌ಗಳ ಮೇಲೆ ನಂಬಿಕೆಯೂ ಇರಲಿಲ್ಲ. ಫರಂಗಿಪೇಟೆಯಲ್ಲಿ ಒಂದು ಲಾರಿ ಅಡ್ಡ ನಿಂತು ರಸ್ತೆ ಕಟ್ಟಿಕೊಂಡಿತು. ಸೈರನ್ ಹೊಡೆದುಕೊಂಡೇ ಇತ್ತು, ಯಾರಿಗೂ ಜಾಗ ಕೊಡಲು ಜಾಗವಿರಲಿಲ್ಲ. ಮಾನಿಟರಿನ ಅಲೆಗಳು ಅಗಲವಾಗತೊಡಗಿದವು, ಪೊಟ್ಯಾಸಿಯಂ ಪುನಃ ಏರುತ್ತಿತ್ತು. ಎರಡನೇ ಸಲ ಕ್ಯಾಲ್ಸಿಯಂ ಕೊಟ್ಟೆ. ಮದ್ದಿನ ಒಂದು ಆಂಪೂಲು ಕೆಳಗೆ ಬಿದ್ದು ಒಡೆಯಿತು, ಇನ್ನೊಂದು ತೆಗೆದೆ. ಪೈಂಟರ್ ಕಣ್ಣು ತೆರೆದು ನನ್ನನ್ನು ನೋಡಿದರು. ವಾಸಿಯಾದ ಮೇಲೆ ಪೊಲೀಸರು ತನ್ನನ್ನು ಪುನಃ ನಿಮ್ಮ ಹತ್ತಿರವೇ ತರುತ್ತಾರಾ ಎಂದು ಕೇಳಿದರು. ಕಾನ್‌ಸ್ಟೆಬಲ್‌ಗಳ ಕಡೆ ಅವರು ನೋಡುತ್ತಿರಲಿಲ್ಲ. ಹೆದರಿಕೆ ಇದ್ದದ್ದು ನನ್ನ ಮೇಲೆ.

ಅವರು ಬದುಕಿದರು. ಹಲವು ಸಲ ಡಯಾಲಿಸಿಸ್ ಆಯಿತು, ಬಲ ತೊಡೆಯನ್ನು ಕೊಯ್ದು ಸತ್ತ ಮಾಂಸ ತೆಗೆದರು. ಈಗ ಏಣಿ ಹತ್ತಲು ಆಗುವುದಿಲ್ಲ, ನೆಲದ ಮೇಲೆ ನಿಂತು ಕೈಗೆಟಕುವಷ್ಟಕ್ಕೆ ಮಾತ್ರ ಬಣ್ಣ ಬಳಿಯುತ್ತಾರೆ. ಮ್ಯಾಜಿಸ್ಟ್ರೇಟರು ಲಕೋಟೆ ಒಡೆದ ದಿನವೇ ಮಂಗಳೂರಿನ ಆಸ್ಪತ್ರೆಗೆ ಹೋಗಿ ಅವರ ಹೇಳಿಕೆ ಬರೆದುಕೊಂಡರು. ಎಸ್ಸೈ ಮತ್ತು ಮೂವರ ಮೇಲೆ ಕೇಸಾಯಿತು. ನನ್ನ ಮೇಲೂ ಇಲಾಖೆಯ ವಿಚಾರಣೆ ನಡೆಯಿತು, ಬಡ್ತಿ ತಡೆದರು, ವರ್ಗ ಮಾಡಿದರು. ಕೆಲವು ಸಹೋದ್ಯೋಗಿಗಳು ಮಾತು ಬಿಟ್ಟರು. ಒಬ್ಬರಂತೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಸಿಕ್ಕುತ್ತಾರೆ, ಇವರು ಕುಂಬಳಕಾಯಿಯನ್ನೇ ಹೊತ್ತುಕೊಂಡು ಸ್ಟೇಷನ್ನಿಗೆ ಹೋದರು ಎಂದು ತಮಾಷೆ ಮಾಡಿದರಂತೆ. ಕೇಳಿ ನಗು ಬಂತು. ಮಾತು ಸರಿಯಾಗಿಯೇ ಇತ್ತು.

ಕೇಸು ಸಾಕ್ಷಿಗೆ ಬರಲು ಎರಡು ವರ್ಷ ಹಿಡಿಯಿತು. ಎಸ್ಸೈ ಪರ ವಕೀಲರು ನನ್ನ ಎರಡೂ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಹಿಡಿದು ನಿಂತರು. ಎರಡರಲ್ಲೂ ನಿಮ್ಮದೇ ಸಹಿ, ನಿಮ್ಮದೇ ಸೀಲು, ಇದರಲ್ಲಿ ಸುಳ್ಳು ಯಾವುದು ಎಂದು ಕೇಳಿದರು. ಸೋಮವಾರದ್ದು ಎಂದೆ. ಹಾಗಾದರೆ ನೀವು ಸೀಲು ಒತ್ತಿ ಸುಳ್ಳು ಬರೆದುಕೊಡುವವರು ಎಂದರು. ಅಂದು ಬರೆದುಕೊಟ್ಟೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಒಬ್ಬರ ವಿಷಯದಲ್ಲಿ ಮಾತ್ರ ಹೀಗಾದದ್ದೋ, ಬೇರೆಯವರಿಗೂ ನೋಡದೆ ಬರೆದುಕೊಟ್ಟದ್ದು ಉಂಟೋ?"

ಯಾವ ಉತ್ತರ ಕೊಟ್ಟರೂ ಅವರಿಗೆ ಲಾಭ. ಇವರೊಬ್ಬರೇ ಎಂದರೆ ಎಸ್ಸೈ ಮೇಲಿನ ಹಗೆಯಿಂದ ಕಥೆ ಕಟ್ಟಿದ್ದೇನೆ ಎನ್ನುತ್ತಾರೆ, ಬೇರೆಯವರಿಗೂ ಎಂದರೆ ಹುಟ್ಟು ಸುಳ್ಳಿ ಎನ್ನುತ್ತಾರೆ. ಇವರೊಬ್ಬರೇ ಎಂದರೆ ನನ್ನ ಕೆಲಸವಾದರೂ ಉಳಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಪೈಂಟರ್ ಒಂದು ಬದಿಗೆ ವಾಲಿಕೊಂಡು ಕೂತಿದ್ದರು.

"ಇವರಿಗಿಂತ ಮೊದಲು ಬಂದ ಯಾರನ್ನೂ ನಾನು ನೋಡಿಲ್ಲ," ಎಂದೆ. "ಒಬ್ಬರನ್ನೂ."

ವಕೀಲರು ತೃಪ್ತಿಯಿಂದ ಕುಳಿತುಕೊಂಡರು. ನ್ಯಾಯಾಧೀಶರು ಬೆರಳಚ್ಚು ಮಾಡುವವರಿಗೆ ಅದನ್ನು ನಾನು ಹೇಳಿದ ಹಾಗೆಯೇ ಬರೆದುಕೊಳ್ಳಲು ಹೇಳಿದರು. ಆಮೇಲೆ ಆಸ್ಪತ್ರೆಯ ಆ ವರ್ಷಗಳ ರಿಜಿಸ್ಟರನ್ನು ತರಿಸಬೇಕು, ಅದರಲ್ಲಿ ನಾನು ನೋಡದೆ ಸಹಿ ಹಾಕಿದವರನ್ನೆಲ್ಲ ನಾನೇ ಗುರುತು ಮಾಡಿ ಕೊಡಬೇಕು ಎಂದು ಆದೇಶ ಮಾಡಿದರು.

ಜಗಲಿಯಲ್ಲಿ ಪೈಂಟರ್ ಹೆಂಡತಿಯ ಹೆಗಲು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಥ್ಯಾಂಕ್ಸ್ ಹೇಳಲಿಕ್ಕಲ್ಲ. ಅವರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು.

"ಅವರಲ್ಲಿಯೂ ಯಾರಾದ್ರೂ ಕೋರ್ಟಿನಲ್ಲಿ ಹೊಡೆದಿದ್ದಾರೆ ಅಂತ ಹೇಳಿರಬಹುದಲ್ಲ, ಡಾಕ್ಟ್ರೆ?"

"ಹೇಳಿರಬಹುದು," ಎಂದೆ.

ಅವರು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಮರುದಿನ ರಿಜಿಸ್ಟರ್ ತಂದು ನನ್ನೆದುರು ಇಟ್ಟರು. ಹೆಸರು, ವಯಸ್ಸು, ಊರು, ಎದುರಿಗೆ 'ಗಾಯಗಳಿಲ್ಲ', ಕೆಳಗೆ ನನ್ನ ಸಹಿ. ಪುಟ ತಿರುಗಿಸಿದರೆ ಮತ್ತೆ ಹೆಸರು, ವಯಸ್ಸು, ಊರು. ಒಂದೊಂದು ಹೆಸರಿನ ಮೇಲೆಯೂ ಬೆರಳಿಟ್ಟು, ಇವನು ಕುಳ್ಳನೋ ಉದ್ದವೋ, ನಿಂತಿದ್ದನೋ ಕೂತಿದ್ದನೋ, ನನ್ನನ್ನು ನೋಡಿ ಏನಾದರೂ ಹೇಳಲು ಬಾಯಿ ತೆರೆದಿದ್ದನೋ ಎಂದು ನೆನಪಿಸಿಕೊಳ್ಳಲು ನೋಡಿದೆ. ಮಧ್ಯಾಹ್ನದವರೆಗೆ ಕುಳಿತೆ. ಒಬ್ಬರ ಮುಖವೂ ನೆನಪಾಗಲಿಲ್ಲ.